ಮಾತ್ರೆಗಿಂತ ಮೊದಲು ಸ್ಪ್ಯಾನರ್

ಹೋದ ತಿಂಗಳು ಈ ಅಂಕಣದಲ್ಲಿ ನಡಿಗೆಯ ಬಗ್ಗೆ ಬರೆಯುತ್ತಾ, ಮಂಡಿ ಒಪ್ಪಿದರೆ ಸೈಕಲ್ಲೂ ಆದೀತು ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ನಿವೃತ್ತಿಯಾದ ಮಾರನೆಯ ವಾರವೇ ಗೇರ್ ಸೈಕಲ್ ಕೊಂಡವರು, ಮಗ ಬಿಟ್ಟುಹೋದ ಸೈಕಲ್ಲಿನ ದೂಳು ಒರೆಸಿ ಹತ್ತಿದವರು, 2017ರಲ್ಲಿ ಮೈಸೂರಿನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲಿನಿಂದ ಹಳೇ ಚಟ ಮರುಕಳಿಸಿದವರು, ಎಲ್ಲರೂ ಬರೆದಿದ್ದಾರೆ. ಓದುತ್ತಾ ಓದುತ್ತಾ ಅನ್ನಿಸಿದ್ದು ಇಷ್ಟು: ಇವುಗಳಲ್ಲಿ ಅರ್ಧಕ್ಕರ್ಧ ದೂರುಗಳು ನನ್ನ ಹತ್ತಿರ ಬರುವ ಮೊದಲು ಸೈಕಲ್ ಶಾಪಿಗೆ ಹೋಗಬೇಕಿತ್ತು.

ಪ್ರಶ್ನೆ: ನನಗೆ 63, ಬ್ಯಾಂಕಿನಿಂದ ನಿವೃತ್ತ. ಮೂರು ವಾರದಿಂದ ದಿನಾ ಎಂಟು ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದೇನೆ. ಈಗ ಎರಡೂ ಮಂಡಿಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಮಂಡಿ ಸವೆದಿದೆ, ಎಂಆರ್‌ಐ ಮಾಡಿಸು ಎನ್ನುತ್ತಾರೆ ಗೆಳೆಯರು. ಸೈಕಲ್ ಬಿಟ್ಟುಬಿಡಲೇ?
(ಶಿವಮೊಗ್ಗ)

ಉತ್ತರ: ಎಂಆರ್‌ಐ ಆಮೇಲೆ ನೋಡೋಣ. ಮೊದಲು ನಿಮ್ಮ ಸೀಟು ಎಷ್ಟು ಎತ್ತರದಲ್ಲಿದೆ ನೋಡಿ. ಎರಡೂ ಪಾದ ನೆಲಕ್ಕೆ ಪೂರಾ ಊರಬೇಕು ಎಂದು ನಮ್ಮ ವಯಸ್ಸಿನವರು ಸೀಟನ್ನು ತಳಕ್ಕೆ ಇಳಿಸಿಕೊಳ್ಳುತ್ತೇವೆ. ಬೀಳುವ ಭಯ, ಮತ್ತೇನಲ್ಲ. ಆಗ ಪೆಡಲು ಕೆಳಗಿದ್ದಾಗಲೂ ಮಂಡಿ ಮಡಚಿಕೊಂಡೇ ಇರುತ್ತದೆ. ಮೇಲೆ ಬಂದಾಗಲಂತೂ ಹೊಟ್ಟೆಗೆ ತಾಗುವಷ್ಟು ಮಡಚುತ್ತದೆ. ಹಾಗೆ ಮಡಚಿದ ಕಾಲಿನಿಂದ ಬಲ ಹಾಕಿ ತುಳಿದರೆ ಚಿಪ್ಪು ತೊಡೆಮೂಳೆಗೆ ಒತ್ತಿಕೊಂಡು ಉಜ್ಜುತ್ತದೆ. ಎಂಟು ಕಿಲೋಮೀಟರಿಗೆ ಒಂದೊಂದು ಮಂಡಿಯೂ ಸುಮಾರು ಒಂದೂವರೆಯಿಂದ ಎರಡು ಸಾವಿರ ಸಲ ಮಡಚಿ ಬಿಚ್ಚುತ್ತದೆ ಎಂಬ ಲೆಕ್ಕ ಬ್ಯಾಂಕಿನಲ್ಲಿದ್ದವರಿಗೆ ನಾನು ಹೇಳಬೇಕಾಗಿಲ್ಲ.

ಗೋಡೆಗೆ ಕೈಕೊಟ್ಟು ಸೀಟಿನ ಮೇಲೆ ಕೂತುಕೊಳ್ಳಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಕಾಲು ನೆಟ್ಟಗಾಗಬೇಕು, ಸೊಂಟ ಮಾತ್ರ ಆ ಕಡೆಗೆ ವಾಲಬಾರದು. ಅದೇ ನಿಮ್ಮ ಎತ್ತರ. ತುಳಿಯುವಾಗ ಅಂಗಾಲಿನ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ತಾನಾಗಿ 25ರಿಂದ 30 ಡಿಗ್ರಿಯಷ್ಟು ಬಾಗಿರುತ್ತದೆ. ಈಗಿನ ಎತ್ತರದಿಂದ ಅಲ್ಲಿಗೆ ಒಂದೇ ದಿನ ಏರಬೇಡಿ, ವಾರಕ್ಕೆ ಅರ್ಧ ಇಂಚು ಸಾಕು. ಸೀಟಿನ ಕಂಬದ ಮೇಲೆ ಒಂದು ಗೆರೆ ಕೊರೆದಿರುತ್ತದೆ, ಅದು ಹೊರಗೆ ಕಾಣುವಷ್ಟು ಎಳೆಯಬಾರದು. ನೋವು ಮಂಡಿಯ ಹಿಂದೆ ಶುರುವಾದರೆ ಎತ್ತರ ಹೆಚ್ಚಾಯಿತೆಂದು ತಿಳಿದು ತುಸು ಇಳಿಸಿ. ಗೇರು ಹಗುರವಾಗಿರಲಿ, ನಿಮಿಷಕ್ಕೆ 60–70 ಸುತ್ತು ಪೆಡಲು ಸಲೀಸಾಗಿ ತಿರುಗಬೇಕು. ತಿಣುಕಿ ತುಳಿಯುವುದು ಇಪ್ಪತ್ತರ ಹುಡುಗರಿಗೆ.

ನಮ್ಮ ಕ್ಲಿನಿಕ್ಕಿಗೆ ಒಮ್ಮೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಎಕ್ಸ್‌ರೇ ಲಕೋಟೆಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಬಂದರು. ಇದೇ ನೋವು. ಗೇಟಿನ ಹತ್ತಿರವೇ ಅವರನ್ನು ಸೈಕಲ್ ಹತ್ತಿಸಿದೆ, ಕಾಂಪೌಂಡರ್ ಹ್ಯಾಂಡಲ್ ಹಿಡಿದ. ಪಕ್ಕದ ಪಂಕ್ಚರ್ ಅಂಗಡಿಯಿಂದ ಸ್ಪ್ಯಾನರ್ ಬಂತು, ಆದರೆ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದು ಸೀಟನ್ನು ಆಚೀಚೆ ತಿರುಚಿದ ಮೇಲೆ ಕಿರ್ರನೆ ಮೇಲೆದ್ದಿತು. ತಿಂಗಳು ಬಿಟ್ಟು ಬಂದು, ‘ನೋವು ಹೋಯ್ತು ಡಾಕ್ಟ್ರೇ, ಫೀಸು ಯಾರಿಗೆ ಕೊಡಲಿ, ನಿಮಗೋ ಪಂಕ್ಚರ್ ಅಂಗಡಿಯವನಿಗೋ?’ ಎಂದರು. ಎಕ್ಸ್‌ರೇ ಲಕೋಟೆಯನ್ನು ನಾನು ಬಿಚ್ಚಿಯೇ ಇರಲಿಲ್ಲ.

ಮಂಡಿ ಊದಿದ್ದರೆ, ಬಿಸಿಯಾಗಿದ್ದರೆ, ನಡುನಡುವೆ ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ ಸ್ಪ್ಯಾನರ್ ಬಿಟ್ಟು ವೈದ್ಯರ ಬಳಿ ಹೋಗಿ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ವಯಸ್ಸು 68. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ಮಗಳು ಕೊಡಿಸಿದ ವಾಚಿನಲ್ಲಿ ನಾಡಿ ನೂರು ದಾಟುವುದೇ ಇಲ್ಲ. ಹೃದಯಕ್ಕೆ ವ್ಯಾಯಾಮ ಸಾಲುತ್ತಿಲ್ಲವೇ? ಚಾಮುಂಡಿ ಬೆಟ್ಟ ಹತ್ತಿಸಿದರೆ ಆದೀತೇ? ಮಾತ್ರೆಗಳ ಪಟ್ಟಿ ಲಗತ್ತಿಸಿದ್ದೇನೆ.
(ಮೈಸೂರು)

ಉತ್ತರ: ತಾಯಿ ಚಾಮುಂಡಿಯ ದರ್ಶನಕ್ಕೆ ಸದ್ಯ ಬಸ್ಸಿನಲ್ಲಿ ಹೋಗಿ. ನಿಮ್ಮ ಪಟ್ಟಿಯಲ್ಲಿ ಮೆಟೊಪ್ರೊಲಾಲ್ ಇದೆ. ನಾಡಿಯ ವೇಗಕ್ಕೆ ಕಡಿವಾಣ ಹಾಕುವುದೇ ಅದರ ಕೆಲಸ. ವಾಚಿಗೆ ಇದು ಗೊತ್ತಿಲ್ಲ, ಅದು ಅಂಕಿ ತೋರಿಸುತ್ತದೆ, ನೀವು ಸಾಲದೆಂದುಕೊಂಡು ಮತ್ತಷ್ಟು ಜೋರಾಗಿ ತುಳಿಯುತ್ತೀರಿ. ಅಪಾಯ ಇರುವುದು ಅಲ್ಲೇ. ವಾಚನ್ನು ಟೈಮು ನೋಡಲು ಇಟ್ಟುಕೊಳ್ಳಿ. ಶ್ರಮದ ಅಳತೆಗೆ ಬಾಯಿ ಸಾಕು: ತುಳಿಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದೊಂದು ಪದಕ್ಕೂ ಉಸಿರು ಹಿಡಿಯುತ್ತಿದ್ದರೆ ನಿಧಾನಿಸಿ. ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ತೀರಾ ಹಗುರಾಗಿ ತುಳಿಯಿರಿ. ಬೆಟ್ಟದ ಆಸೆ ಇದ್ದೇ ಇದ್ದರೆ ನಿಮ್ಮ ಹೃದಯ ತಜ್ಞರಿಗೆ ಹೇಳಿ, ಅಗತ್ಯವೆನಿಸಿದರೆ ಅವರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸುತ್ತಾರೆ. ಎದೆ ಬಿಗಿತ, ದವಡೆಗೋ ತೋಳಿಗೋ ಹಬ್ಬುವ ನೋವು, ತಣ್ಣನೆಯ ಬೆವರು ಬಂದರೆ ಇಳಿದು ಕೂತು 108ಕ್ಕೆ ಫೋನ್ ಮಾಡಿ. ಮನೆಗೆ ಹೋಗಿ ಮಲಗಿದರೆ ಸರಿಹೋಗುತ್ತದೆ ಎಂದು ತುಳಿದುಕೊಂಡು ಬರಬೇಡಿ.

ನೀವು ಕೇಳದ ಇನ್ನೊಂದು ಮಾತು. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಕೂಡ ಪಟ್ಟಿಯಲ್ಲಿದೆ, ಅಂದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಬಿದ್ದು ತಲೆ ತಾಗಿದರೆ ಹೊರಗೆ ಗಾಯವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ತೋರಿಸಬೇಕು. ವಯಸ್ಸಾದವರಲ್ಲಿ ತಲೆಬುರುಡೆಯೊಳಗೆ ರಕ್ತ ಜಿನುಗಿ ಜಿನುಗಿ ಎರಡು ಮೂರು ವಾರಗಳ ಮೇಲೆ ತಲೆನೋವು, ಮಂಕು, ಒಂದು ಕಾಲೆಳೆತ ಶುರುವಾಗುವುದುಂಟು. ಅಷ್ಟು ಹೊತ್ತಿಗೆ ಬಿದ್ದದ್ದೇ ಮರೆತಿರುತ್ತದೆ. ಆದ್ದರಿಂದ ಹೆಲ್ಮೆಟ್ ಹಾಕಿ. ‘ಕೆರೆವರೆಗೆ ತಾನೇ’ ಎನ್ನಬೇಡಿ.

ಪ್ರಶ್ನೆ: ಶುಗರ್ ಇದೆ, ಗ್ಲಿಮೆಪಿರೈಡ್ ತಗೊಳ್ಳುತ್ತೇನೆ. ಬೆಳಿಗ್ಗೆ ಮಾತ್ರೆ ನುಂಗಿ, ಬರೀ ಕಾಫಿ ಕುಡಿದು ತೋಟಕ್ಕೆ ಸೈಕಲ್ ಹೊಡೆದೆ. ಅರ್ಧ ದಾರಿಯಲ್ಲಿ ಕೈಕಾಲು ನಡುಗಿ, ಕಣ್ಣು ಮಂಜಾಗಿ ಬದುವಿನ ಮೇಲೆ ಕೂತುಬಿಟ್ಟೆ. ಯಾರೋ ಬಾಳೆಹಣ್ಣು ಕೊಟ್ಟರು, ಸರಿಹೋಯಿತು. ಇದೇನು?
(ದಾವಣಗೆರೆ ಜಿಲ್ಲೆ)

ಉತ್ತರ: ಶುಗರ್ ಇಳಿದುಹೋಗಿತ್ತು. ಗ್ಲಿಮೆಪಿರೈಡ್ ನೀವು ಉಂಡಿರಲಿ ಬಿಡಲಿ ಇನ್ಸುಲಿನ್ ಒಸರಿಸುತ್ತಲೇ ಇರುತ್ತದೆ. ಇತ್ತ ತುಳಿಯುವ ತೊಡೆಗಳೂ ಸಕ್ಕರೆ ಎಳೆದುಕೊಳ್ಳುತ್ತವೆ. ಎರಡು ಕಡೆಯಿಂದ ಖರ್ಚು, ಜಮೆ ಮಾತ್ರ ಇಲ್ಲ. ಮಾತ್ರೆಯನ್ನು ಸವಾರಿ ಮುಗಿಸಿ ಬಂದ ಮೇಲೆ ತಿಂಡಿಯ ಜೊತೆ ತಗೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಹೊರಡುವ ಮುನ್ನ ಬೆರಳು ಚುಚ್ಚಿ ನೋಡಿದಾಗ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯದೋ ಗ್ಲೂಕೋಸ್ ಪುಡಿಯದೋ ಪೊಟ್ಟಣ ಇರಲಿ, ಸುಮಾರು 15 ಗ್ರಾಂ ಆಗುತ್ತದೆ. ನಡುಕ ಬಂದ ಕೂಡಲೇ ಬಾಯಿಗೆ ಹಾಕಿಕೊಂಡು 15 ನಿಮಿಷ ಕೂರಿ, ಇಳಿಯದಿದ್ದರೆ ಇನ್ನೊಂದು ಸಲ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಸೈಕಲ್ ಹತ್ತುವ ಮುನ್ನ ತೊಡೆಗೆ ಚುಚ್ಚಬೇಡಿ, ತುಳಿಯುವ ತೊಡೆ ಅದನ್ನು ಬೇಗ ಹೀರಿಬಿಡುತ್ತದೆ. ಹವಾಯಿ ಚಪ್ಪಲಿಯಲ್ಲಿ ತುಳಿಯಬೇಡಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಪೆಡಲಿನ ಹಲ್ಲು ಕಚ್ಚಿದ್ದೂ ತಿಳಿಯುವುದಿಲ್ಲ.

ಪ್ರಶ್ನೆ: ಹೇಳಲು ಮುಜುಗರ. ಅರ್ಧ ಗಂಟೆ ಕೂತರೆ ಕಾಲಸಂದಿಯಲ್ಲಿ ಜೋಮು. ಪ್ರಾಸ್ಟೇಟ್ ಕೂಡ ಸ್ವಲ್ಪ ದೊಡ್ಡದಿದೆ, ಮುಂದಿನ ವಾರ ಪಿಎಸ್‌ಎ ಪರೀಕ್ಷೆ ಇದೆ.
(ಹೆಸರು, ಊರು ಬೇಡ)

ಉತ್ತರ: ಮುಜುಗರವೇಕೆ, ಇದೇ ಪ್ರಶ್ನೆ ಇನ್ನೂ ನಾಲ್ಕು ಪತ್ರಗಳಲ್ಲಿದೆ. ಸೀಟಿನ ಮೂತಿ ಮೇಲಕ್ಕೆದ್ದಿದ್ದರೆ ಅಲ್ಲಿಯ ನರ, ರಕ್ತನಾಳಗಳು ಒತ್ತಿಹೋಗುತ್ತವೆ. ಸೀಟಿನ ಮೇಲೊಂದು ಹಲಗೆ ಇಟ್ಟು ನೋಡಿ, ಅದು ನೆಲಕ್ಕೆ ಸಮನಾಗಿರಬೇಕು, ಕೂದಲೆಳೆಯಷ್ಟು ಮುಂದಕ್ಕೆ ಬಾಗಿದ್ದರೂ ಸರಿ. ನಡುವೆ ಸೀಳಿರುವ ಅಗಲ ಸೀಟು ಸಿಗುತ್ತದೆ. ಮೆತ್ತಗಿರಲಿ ಎಂದು ದಪ್ಪ ಜೆಲ್ ಕವರ್ ಹಾಕಿದರೆ ಮೈ ಅದರಲ್ಲಿ ಹೂತು ಒತ್ತಡ ಮತ್ತೂ ಹೆಚ್ಚಬಹುದು. ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲಿ. ಇಷ್ಟಾದರೂ ಜೋಮು ಹೋಗದಿದ್ದರೆ ತೋರಿಸಿ. ಸೈಕಲ್ಲಿನಿಂದ ಪ್ರಾಸ್ಟೇಟ್ ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೆ ಪಿಎಸ್‌ಎ ಅಂಕಿ ಏರುಪೇರಾಗಬಾರದು ಎಂದು ಪರೀಕ್ಷೆಗೆ 48 ಗಂಟೆ ಮೊದಲು ಸೈಕಲ್ ಹತ್ತಬೇಡಿ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ ಎಂದು ಬರೆದ ಮೂವರಿಗೂ ಇದೇ ಜಾತಿಯ ಉತ್ತರ: ಅಂಗೈಯ ಬುಡದಲ್ಲಿ ನರ ಒತ್ತುತ್ತಿದೆ. ಹ್ಯಾಂಡಲ್ ಎತ್ತರಿಸಿ, ಹಿಡಿತ ಬದಲಿಸುತ್ತಿರಿ.

ಪ್ರಶ್ನೆ: ಕಣ್ಣಿನ ಪೊರೆ ತೆಗೆಸಿ ಹತ್ತು ದಿನ ಆಯಿತು. ಸೈಕಲ್ ಹತ್ತಲೇ?
(ತಿಪಟೂರು)

ಉತ್ತರ: ಇನ್ನೂ ಬೇಡ. ದೂಳು, ಬೀಳುವ ಅಪಾಯ ಎರಡೂ ಇವೆ. ಇನ್ನೊಂದು ಕಣ್ಣಿನ ಪೊರೆ ಹಾಗೇ ಇದ್ದರೆ ದೂರದ ಅಂದಾಜೂ ತಪ್ಪುತ್ತದೆ. ಕಣ್ಣಿನ ವೈದ್ಯರು ಹೂಂ ಎನ್ನಲಿ.

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕಿಯಾಗಿದ್ದೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗಿಂದ ವರ್ಷವೂ ನಾನೇ ನಿಂತು ಹಂಚಿದೆ. ನನಗೆ ಮಾತ್ರ ಹೊಡೆಯಲು ಬರುವುದಿಲ್ಲ. ಈಗ 61. ಕಲಿಯಬಹುದೇ? ಮೂಳೆ ಗಟ್ಟಿಯಾದೀತೇ?
(ವಿಜಯಪುರ)

ಉತ್ತರ: ಅಕ್ಕಾವ್ರೇ, ಸೈಕಲ್ ರೇಸಿನ ಪದಕ ತರುವ ಮಕ್ಕಳ ಜಿಲ್ಲೆ ನಿಮ್ಮದು, ಹಿಂದೆ ಓಡಿಬಂದು ಸೀಟು ಹಿಡಿಯುವವರಿಗೆ ಬರವಿಲ್ಲ. ಆದರೂ ಹಿಡಿಸಿಕೊಂಡು ಕಲಿಯಬೇಡಿ, ಬಿಟ್ಟಾಗ ಬೀಳುತ್ತೀರಿ. ಬಾರಿಲ್ಲದ ಲೇಡೀಸ್ ಸೈಕಲ್ಲಿನ ಎರಡೂ ಪೆಡಲು ಬಿಚ್ಚಿಸಿ. ಬಲಗಡೆಯದು ಎಂದಿನಂತೆ ಬಿಚ್ಚುತ್ತದೆ, ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ತಿಳಿಯದೆ ಬಿಗಿ ಮಾಡುತ್ತಾ ಹೋದವರು ಬಹಳ. ಸೀಟನ್ನು ಪಾದ ಊರುವಷ್ಟು ಇಳಿಸಿ (ಮೊದಲ ಉತ್ತರದಲ್ಲಿ ಬೈದದ್ದು ಕಲಿತವರಿಗೆ), ಶಾಲೆಯ ಮೈದಾನದಲ್ಲಿ ಕಾಲಿನಿಂದ ನೆಲ ನೂಕುತ್ತಾ ಹೋಗಿ. ಕಾಲೆರಡೂ ಎತ್ತಿ ಹತ್ತಾರು ಅಡಿ ತೇಲಿದಿರಾ, ತೂಕ ಹಿಡಿಯುವುದು ಬಂತು, ಪೆಡಲು ಹಾಕಿಸಿ. ಚೂಡಿದಾರ್ ಹಾಕಿ, ದುಪಟ್ಟಾ ಮನೆಯಲ್ಲಿ ಬಿಡಿ.

ಕಲಿಯುವ ಮುನ್ನ ಎರಡು ಕೆಲಸ. ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲಲು ಆಗುತ್ತದೆಯೇ ನೋಡಿ, ಆಗದಿದ್ದರೆ ಮೊದಲು ಅದನ್ನೇ ಅಭ್ಯಾಸ ಮಾಡಿ. ಮುಟ್ಟು ನಿಂತು ವರ್ಷಗಳಾದ್ದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಬಿದ್ದಾಗ ಕೈ ಊರಿ ಮಣಿಕಟ್ಟು ಮುರಿದುಕೊಂಡು ಬರುವವರಲ್ಲಿ ನಿಮ್ಮ ವಯಸ್ಸಿನ ಹೆಂಗಸರೇ ಹೆಚ್ಚು. ಇನ್ನು ಮೂಳೆ ಗಟ್ಟಿಯಾಗುವ ಮಾತು: ಸೈಕಲ್ಲಿನಿಂದ ಆಗುವುದಿಲ್ಲ. ಮೈಭಾರವನ್ನು ಸೀಟು ಹೊರುತ್ತದೆ, ಭಾರ ಬೀಳದ ಮೂಳೆ ಬಲಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಹದವಾದ ವ್ಯಾಯಾಮ ಹೇಳಿದೆ, ಅದನ್ನು ಸೈಕಲ್ಲಿನಲ್ಲೇ ಮುಗಿಸಬಹುದು. ಆದರೆ 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸವನ್ನೂ ಸೇರಿಸಿದೆ. ನೀವು ಈಗಲೇ ಶುರು ಮಾಡಿ: ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ನಡಿಗೆ.

ಪ್ರಶ್ನೆ: 1981ರಲ್ಲಿ ಮೊದಲ ಪಗಾರದಾಗ ತಗೊಂಡ ಅಟ್ಲಾಸ್ ಸೈಕಲ್ ಹಿತ್ತಲದಾಗ ಐತ್ರಿ. ನಾನೇ ರಿಪೇರಿ ಮಾಡಿ ಹೊಡೀಬೇಕಂತ ಆಸೆ. ಮನೆಯಾಕಿ ಗುಜರಿಗೆ ಹಾಕು ಅಂತಾಳ. ಇದು ಆರೋಗ್ಯದ ಪ್ರಶ್ನೆ ಅಲ್ಲ ಅಂದ್ರ ಕ್ಷಮಿಸ್ರಿ.
(ಧಾರವಾಡ)

ಉತ್ತರ: ಇಷ್ಟು ಪತ್ರಗಳಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ, ಕ್ಷಮೆ ಯಾಕೆ? ಟೈರು, ಟ್ಯೂಬು, ಬ್ರೇಕ್ ರಬ್ಬರು ಮೂರನ್ನೂ ಕಣ್ಣುಮುಚ್ಚಿ ಬದಲಿಸಿ. ನೋಡಲು ಚೆನ್ನಾಗಿದ್ದರೂ ಹಳೇ ರಬ್ಬರು ಕಲ್ಲಾಗಿರುತ್ತದೆ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹೊರಗಿನದನ್ನು ಒರೆಸಿಬಿಡಿ. ಕೊಂಡಿಯ ಒಳಗೆ ಇಳಿದದ್ದು ಸಾಕು, ಮೇಲೆ ಉಳಿದದ್ದು ದೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ರಿಮ್ಮಿಗೆ ಎಣ್ಣೆ ಸೋಕಲೇಬಾರದು. ನಿಮ್ಮದು ಉಕ್ಕಿನ ರಿಮ್ಮು, ನೆನೆದರೆ ಬ್ರೇಕು ಹಿಡಿಯುವುದು ಅಷ್ಟಕ್ಕಷ್ಟೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗಿ. ಉಳಿದ ಬೇರಿಂಗು, ಗ್ರೀಸಿನ ಕೆಲಸ ಅಂಗಡಿಗೆ ಬಿಡಿ. ನಾವು ಹುಡುಗರಿದ್ದಾಗ ಅದನ್ನು ‘ಓವರ್ ಆಯಿಲಿಂಗ್’ ಎನ್ನುತ್ತಿದ್ದೆವು. ಎಣ್ಣೆ ಹೆಚ್ಚು ಹಾಕುವುದು ಎಂದೇ ಬಹಳ ವರ್ಷ ನಂಬಿದ್ದೆ.

ಈಗ ವೈದ್ಯನಾಗಿ. ಕುಕ್ಕರಗಾಲಿನಲ್ಲಿ ಕೂತು ತಾಸುಗಟ್ಟಲೆ ರಿಪೇರಿ ಮಾಡಬೇಡಿ, ಏಳುವಾಗ ಸೊಂಟ ಹಿಡಿಯುತ್ತದೆ, ಬಿಪಿ ಮಾತ್ರೆ ತಗೊಳ್ಳುವವರಾದರೆ ತಲೆಯೂ ತಿರುಗುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ನೀವು ಸ್ಟೂಲಿನ ಮೇಲೆ ಕೂರಿ. ಎತ್ತಿ ತಿರುಗಿಸಲು ಮೊಮ್ಮಗನನ್ನು ಕರೆಯಿರಿ. ಓದುವ ಕನ್ನಡಕ ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಚೈನು ಒರೆಸಬೇಡಿ. ಬಟ್ಟೆಯನ್ನು ಹಲ್ಲುಚಕ್ರ ಎಳೆದುಕೊಳ್ಳುತ್ತದೆ, ಹಿಂದೆಯೇ ಬೆರಳು ಹೋಗುತ್ತದೆ. ಹಾಗೆ ಬೆರಳ ತುದಿ ಕಳೆದುಕೊಂಡವರಿಗೆ ನಾನು ಪಟ್ಟಿ ಕಟ್ಟಿದ್ದೇನೆ. ಚಕ್ರ ನಿಂತಿರುವಾಗ, ಕೆಳಗಿನ ಸಾಲಿನ ಚೈನನ್ನಷ್ಟೇ ಒರೆಸಿ. ಧನುರ್ವಾಯುವಿನ ಚುಚ್ಚುಮದ್ದು ತಗೊಂಡು ಹತ್ತು ವರ್ಷ ದಾಟಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಹಾಕಿಸಿಕೊಳ್ಳಿ.

ಗುಜರಿಯ ವಿಷಯದಲ್ಲಿ ನಾನು ತೀರ್ಪು ಕೊಡುವುದಿಲ್ಲ, ನನ್ನ ಮನೆಯಲ್ಲೂ ಹಿತ್ತಲಿದೆ. ಸೀಮೆಎಣ್ಣೆಯ ಕೈಯನ್ನು ಅಡುಗೆಮನೆಯ ಟವೆಲ್ಲಿಗೆ ಒರೆಸದಿದ್ದರೆ ನಿಮ್ಮ ಅಟ್ಲಾಸು ಉಳಿಯುವ ಸಂಭವ ಹೆಚ್ಚು.