ಕೆಲಸ ಬಿಡುವ ಮೊದಲು ವಿಮೆಯ ಕಾಗದ ನೋಡಿಕೊಳ್ಳಿ

ನನ್ನಲ್ಲಿ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಒಬ್ಬರು ಒಂಬತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದು ಕಳೆದ ವರ್ಷ ಕೆಲಸ ಬಿಟ್ಟರು. ಮೂರು ತಿಂಗಳಲ್ಲಿ ಎದೆನೋವು ಬಂತು. ಆಸ್ಪತ್ರೆಯಲ್ಲಿ ವಿಮೆಯ ಕಾರ್ಡ್ ತೋರಿಸಿದರೆ, ಕೆಲಸದ ಜೊತೆಗೆ ವಿಮೆಯೂ ಮುಗಿದಿದೆ ಎಂದರು. ಸ್ಟೆಂಟ್ ಹಾಕಿಸಲು ಮನೆಯವರ ಬಳೆಗಳು ಹೋದವು.

ಗುಂಪು ವಿಮೆಯ ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ, ನಿಮ್ಮ ಹೆಸರಿನಲ್ಲಲ್ಲ. ನೀವು ಹೊರಬಂದರೆ ನಿಮ್ಮ ಜೊತೆ ಹೆಂಡತಿ, ಮಕ್ಕಳು, ತಂದೆತಾಯಿಯೂ ಅದರಿಂದ ಹೊರಬರುತ್ತಾರೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಒಂದು ದಾರಿ ಇದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ನೀವು ವರ್ಗವಾಗಬಹುದು. ಇದನ್ನು ಮೈಗ್ರೇಷನ್ ಎನ್ನುತ್ತಾರೆ.

ಹೊಸದಾಗಿ ಪಾಲಿಸಿ ಕೊಳ್ಳುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಹೊಸ ಪಾಲಿಸಿಯಲ್ಲಿ, ಮೊದಲೇ ಇರುವ ಸಕ್ಕರೆ, ಬಿಪಿಯಂಥ ಕಾಯಿಲೆಗಳ ಖರ್ಚಿಗೆ 3 ವರ್ಷದವರೆಗೂ ಕಾಯಿಸಬಹುದು. ವರ್ಗವಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಹಳೆಯ ಮೊತ್ತದ ಮಟ್ಟಿಗೆ ಮಾತ್ರ. ಮೊದಲು 3 ಲಕ್ಷ ಇದ್ದು ಈಗ 5 ಲಕ್ಷಕ್ಕೆ ಏರಿಸಿದರೆ, ಮೇಲಿನ 2 ಲಕ್ಷಕ್ಕೆ ಕಾಯಲೇಬೇಕು. ಪ್ರೀಮಿಯಂ ನಿಮ್ಮ ಕೈಯಿಂದಲೇ. ಕಂಪನಿ ತಪಾಸಣೆಯನ್ನೂ ಕೇಳಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಕೈಗೆ ಬಂತು ಎಂದುಕೊಳ್ಳಬೇಡಿ.

ಹಾಗಾಗಿ ರಾಜೀನಾಮೆಯ ನೋಟಿಸ್ ಕೊಟ್ಟ ವಾರದಲ್ಲೇ ಕಚೇರಿಯಲ್ಲಿ ಪಾಲಿಸಿ ನಂಬರ್, ವಿಮಾ ಕಂಪನಿಯ ಹೆಸರು, ಎಷ್ಟು ವರ್ಷದಿಂದ ಯಾರ್‍ಯಾರ ಹೆಸರಿದೆ ಎಂಬ ಪತ್ರ ಕೇಳಿ ಪಡೆಯಿರಿ. ಕೊನೆಯ ದಿನಕ್ಕೆ ಒಂದು ತಿಂಗಳು ಮೊದಲೇ ವಿಮಾ ಕಂಪನಿಗೆ ಲಿಖಿತ ಅರ್ಜಿ ಕೊಟ್ಟರೆ ಒಳ್ಳೆಯದು. ಸೆಟ್ಲ್‌ಮೆಂಟ್ ಹಣದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

"ಚೀಟಿಯಲ್ಲಿ ಶುಗರ್ ಅಂತ ಬರೀಬೇಡಿ ಡಾಕ್ಟ್ರೇ" ಎಂದು ಕೆಲವರು ಕೇಳುತ್ತಾರೆ. ನಾನು ಬರೆಯುತ್ತೇನೆ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ನೆಪ ಸಾಕು.

ಫ್ಯಾಕ್ಟರಿ, ಗಾರ್ಮೆಂಟ್ಸ್‌ನಲ್ಲಿ ಇಎಸ್‌ಐ ಇರುವವರ ದಾರಿ ಬೇರೆ. ಕನಿಷ್ಠ 5 ವರ್ಷ ಇಎಸ್‌ಐನಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿದರೆ ಗಂಡಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಗಲ್ಫ್‌ನಲ್ಲಿರುವವರು ಇನ್ನೊಂದು ಮಾತು ಗಮನಿಸಿ. ಅಲ್ಲಿನ ಕಂಪನಿ ಕೊಟ್ಟ ವಿಮೆಯ ವರ್ಷಗಳನ್ನು ಇಲ್ಲಿ ವರ್ಗಾಯಿಸಲು ಬರುವುದಿಲ್ಲ. ಊರಿಗೆ ಮರಳುವ ಯೋಚನೆ ಇದ್ದರೆ ಕುಟುಂಬಕ್ಕೆ ಇಲ್ಲೊಂದು ಪಾಲಿಸಿಯನ್ನು ಈಗಲೇ ಆರಂಭಿಸಿ. ನೀವು ಬರುವ ಹೊತ್ತಿಗೆ ಕಾಯುವ ಅವಧಿಯಲ್ಲಿ ಒಂದಷ್ಟಾದರೂ ಕಳೆದಿರುತ್ತದೆ.