ಕುದುರೆಗೆ 'ಅಯ್ಯೋ ಪಾಪ' ಅಂದರೆ ಸಾಲದು

ಮೈಸೂರು ಅರಮನೆ ಮುಂದೆ ಟಾಂಗಾ ಹತ್ತುವಾಗ ನೀವು ಏನು ಮಾಡುತ್ತೀರಿ ಅಂತ ನನಗೆ ಗೊತ್ತು. ಗಂಡ, ಹೆಂಡತಿ, ಅತ್ತೆ, ಮಾವ, ಜೊತೆಗೆ ನಾದಿನಿ, ಅವಳ ಹೈಸ್ಕೂಲು ಓದುವ ಮಗ. ಬಾಡಿಗೆ ಉಳಿಯಲಿ ಅಂತ ಆರೂ ಜನ ಒಂದೇ ಗಾಡಿಗೆ. ಇಳಿದ ಮೇಲೆ ಕುದುರೆಯ ಪಕ್ಕೆಲುಬು ಕಣ್ಣಿಗೆ ಬಿದ್ದು, 'ಅಯ್ಯೋ ಪಾಪ' ಅಂತ ಒಂದು ಫೋಟೊ. ಗಾಡಿಯವರನ್ನು ಬೈದು ಒಂದು ಸ್ಟೇಟಸ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಭಾರ ಹೇರಿದವರು ಯಾರು, ಸ್ವಲ್ಪ ಯೋಚನೆ ಮಾಡಿ.

ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲೇ ನಿಯಮ ಮಾಡಿದೆ. ಗಾಡಿ ಹೊಡೆಯುವವರನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟರೆ ನಾಲ್ಕೇ ಜನ ಕೂರಬೇಕು. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿ ಕೊಡದೆ 5 ಗಂಟೆಗಿಂತ ಹೆಚ್ಚು ಒಂದೇ ಸಮನೆ ಓಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಗಾಡಿ ಕಟ್ಟುವಂತೆಯೇ ಇಲ್ಲ. ಮೈಸೂರಿನಲ್ಲಿ ಅಂಥ ಬಿಸಿಲು ಅಪರೂಪ ಅನ್ನಿ. ಆದರೆ ವಿಜಯಪುರಕ್ಕೆ ಬೇಸಿಗೆಯಲ್ಲಿ ಹೋಗಿ, ಉರಿಬಿಸಿಲಲ್ಲಿ ಗೋಳಗುಮ್ಮಟ ನೋಡಬೇಕು ಅಂತ ಟಾಂಗಾ ಕರೆಯುತ್ತೀರಲ್ಲ, ಆಗ ಈ ನಿಯಮ ನೆನಪಿರಲಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ನಿಮಗೂ ತಂಪು, ಕುದುರೆಗೂ ತಂಪು.

ಹತ್ತುವ ಮೊದಲು ಒಂದು ನಿಮಿಷ ಕುದುರೆಯ ಮುಂದೆ ನಿಂತು ನೋಡಿ. ಬಾಯಿಯ ಮೂಲೆಯಲ್ಲಿ ಕಡಿವಾಣ ಕೊರೆದ ಗಾಯ ಇದೆಯೇ? ಪಟ್ಟಿ ಉಜ್ಜುವ ಜಾಗದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದೆಯೇ? ನಾಲ್ಕು ಹೆಜ್ಜೆ ನಡೆಸಿದಾಗ ತಲೆ ಕುಣಿಸುತ್ತಾ ಒಂದು ಕಾಲು ಎಳೆಯುತ್ತದೆಯೇ? ಹಾಗಿದ್ದರೆ ಆ ಗಾಡಿ ಬೇಡ. ಯಾಕೆ ಬೇಡ ಅಂತ ಗಾಡಿಯವರಿಗೆ ಮೆತ್ತಗೆ ಹೇಳಿ, ಬೈಯಬೇಡಿ. ಮಾತು ಬಲ್ಲವನಿಗೆ ಜಗಳವಿಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕು, ಹುರುಳಿಯ ಬೆಲೆ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮದುವೆ ದಿಬ್ಬಣದ ಕುದುರೆಯದಂತೂ ಕೇಳಲೇಬೇಡಿ. ಮೈತುಂಬ ಜರಿ, ಹಣೆಗೆ ಕುಚ್ಚು. ನೀರು ಕುಡಿಸಿ ಎಷ್ಟು ಹೊತ್ತಾಯಿತು ಅಂದರೆ ಉತ್ತರವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಅದರ ಕಿವಿಯ ಹತ್ತಿರ ಬ್ಯಾಂಡು, ಕಾಲ ಬುಡದಲ್ಲಿ ಪಟಾಕಿ ಬೇಡವೇ ಬೇಡ. ಮಿಕ್ಕಿದ ಅನ್ನ, ಲಾಡು ತಿನ್ನಿಸುವ ದಯೆಯೂ ಬೇಡ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿಂದದ್ದು ಆಗಿಬರದಿದ್ದರೆ ಹೊಟ್ಟೆನೋವಿನಲ್ಲಿ ಬಿದ್ದು ಹೊರಳಾಡುತ್ತದೆ, ಪ್ರಾಣವೂ ಹೋಗಬಹುದು. ಒಂದು ಬಕೆಟ್ ನೀರು ಇಡಿ, ಅದೇ ದೊಡ್ಡ ಉಪಚಾರ.

ಇಷ್ಟು ನಮ್ಮ ಕೈಯಲ್ಲಿರುವುದು. ಸರ್ಕಾರದ ಕೈಯಲ್ಲಿರುವುದಕ್ಕೆ ಕಾಗದ ಬರೆಯಬೇಕು. ಅಲ್ಲೇ ನೀವು ಸೋಮಾರಿಗಳು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ 10ರಿಂದ 50 ರೂಪಾಯಿ. ಒಂದು ಎಳನೀರಿನ ದುಡ್ಡು! ಇದನ್ನು ಬದಲಿಸಬೇಕು ಅಂತ 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಸ್ಟೇಟಸ್ ಹಾಕುವ ನಿಮ್ಮಲ್ಲಿ ಎಷ್ಟು ಜನ ಒಂದು ಸಾಲು ಬರೆದಿರಿ? ಆ ಕಾಯ್ದೆಯೇನು ತಾನಾಗಿ ಬಂದದ್ದಲ್ಲ. ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಗೆ ಹೋಗಿ 1953ರಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಮಸೂದೆ ತರುತ್ತದೆ ಅಂತ ನೆಹರೂ ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಅವರು ಮಸೂದೆ ಮಂಡಿಸಿದಲ್ಲಿಂದ ಕಾಯ್ದೆ ಬರಲು ಏಳು ವರ್ಷ ಹಿಡಿಯಿತು. ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ ಆ ತಾಯಿ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅದರ ಮೊದಲ ಅಧ್ಯಕ್ಷೆಯಾದರು.

ನನ್ನದೇ ದಡ್ಡತನವೂ ಕೇಳಿ. ಮೊದಲ ಸಲ ನಾಲ್ಕು ಪುಟದ ಮನವಿ ಬರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಮೂಕಪ್ರಾಣಿ, ಕರುಣೆ, ಸಂಸ್ಕೃತಿ ಎಲ್ಲ ಇತ್ತು ಅದರಲ್ಲಿ. ಗುಮಾಸ್ತೆ ಹುಡುಗಿ ಪೂರ್ತಿ ಓದಿ, "ಅಮ್ಮಾ, ನಾವೇನು ಮಾಡಬೇಕು ಅಂತ ಎಲ್ಲಿ ಬರೆದಿದ್ದೀರಿ?" ಅಂದಳು. ಬರೆದೇ ಇರಲಿಲ್ಲ. ಆಮೇಲೆ ಕಲಿತೆ: ಒಂದು ಮನವಿಗೆ ಒಂದೇ ಬೇಡಿಕೆ. ಟಾಂಗಾ ಸ್ಟ್ಯಾಂಡಿಗೆ ನೀರಿನ ತೊಟ್ಟಿ, ಇಲ್ಲವೇ ನೆರಳಿನ ಮಾಡು, ಇಲ್ಲವೇ ತಿಂಗಳಿಗೊಮ್ಮೆ ಪಶುವೈದ್ಯರ ತಪಾಸಣೆ. ತೊಟ್ಟಿ, ಮಾಡು ಬೇಕಿದ್ದರೆ ಪಾಲಿಕೆಗೆ, ತಪಾಸಣೆಗೆ ಪಶುಪಾಲನೆ ಇಲಾಖೆಗೆ. ಗಾಡಿಯವರ ಸಹಿಯನ್ನೂ ಹಾಕಿಸಿ. ನೀವೊಂದು ಕೇಳಿ ಅವರೊಂದು ಕೇಳಿದರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತಾಗುತ್ತದೆ.

'ಗಾಡಿಗಳನ್ನೇ ನಿಷೇಧಿಸಿ' ಅಂತ ಆತುರದಲ್ಲಿ ಬರೆಯಬೇಡಿ. 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ವಿಕ್ಟೋರಿಯಾ ಕುದುರೆಗಾಡಿಗಳು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು, ಸರಿ. ಆದರೆ ಆ ಗಾಡಿಗಳನ್ನೇ ನಂಬಿದ್ದವರಿಗೆ ಪುನರ್ವಸತಿ ಯೋಜನೆ ಮಾಡಿ ಅಂತಲೂ ಸರ್ಕಾರಕ್ಕೆ ಹೇಳಿತು. ಗಾಡಿ ನಿಂತ ಮರುದಿನ ಕುದುರೆಗೆ ಹುಲ್ಲು ಹಾಕುವವರು ಯಾರು ಅನ್ನುವುದಕ್ಕೆ ನಿಮ್ಮ ಮನವಿಯಲ್ಲೇ ಉತ್ತರ ಇರಬೇಕು.

ನಿಜವಾದ ಹಿಂಸೆ ಕಂಡರೆ ಮಾತ್ರ ತಡಮಾಡಬೇಡಿ. ದಿನಾಂಕ, ಹೊತ್ತು, ಜಾಗ ಬರೆದು, ಫೋಟೊ ಲಗತ್ತಿಸಿ ಪೊಲೀಸ್ ಠಾಣೆಗೆ ಕೊಡಿ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ, ತಪ್ಪು ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ.

ಇನ್ನೊಂದು ಮಾತು. ಮನವಿಯನ್ನು ಎರಡು ಪ್ರತಿ ಮಾಡಿ ಟಪಾಲು ವಿಭಾಗದಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಬೀಳದೆ ಮನೆಗೆ ಬರಬೇಡಿ.