ಸರದಿಯಲ್ಲಿ ನಿಂತವನ ಗಣಿತ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಸುತ್ತಣ ಬಯಲುಸೀಮೆಯ ಶೇಂಗಾ ಸುಗ್ಗಿಯ ಕಾಲದಲ್ಲಿ ಇಲ್ಲಿಗೆ ಬಂದು ಸೇರುವುದು. ಅಂತಹ ಒಂದು ದಿನ, ಮೂಟೆಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದೇ ಒಂದು ವೇಬ್ರಿಡ್ಜಿನ ಮುಂದೆ ಸಾಲುಗಟ್ಟಿವೆಯೆಂದು ಭಾವಿಸೋಣ. ಬಾಡಿಗೆಯ ಗಾಡಿ ತಂದ ರೈತನಿಗೆ ಕಾದ ಪ್ರತಿ ಗಳಿಗೆಯೂ ನಷ್ಟವೇ. ತೂಗುವವನು ಸೋಮಾರಿಯೆಂದು ಅವನು ಗೊಣಗುವುದು ಸಹಜ. ಆದರೆ ಗಣಿತವನ್ನು ಕೇಳಿದರೆ ಅದು ಬೇರೊಂದು ಕಾರಣವನ್ನು ಹೇಳುತ್ತದೆ.

ಒಂದು ಗಾಡಿಯನ್ನು ತೂಗಲು ಸರಾಸರಿ 5 ನಿಮಿಷ ಬೇಕೆನ್ನೋಣ. ಎಂದರೆ ಗಂಟೆಗೆ 12 ಗಾಡಿಗಳನ್ನು ತೂಗಬಹುದು. ಬರುವ ಗಾಡಿಗಳು ಗಂಟೆಗೆ 11 ಮಾತ್ರ. ಹನ್ನೊಂದು ಹನ್ನೆರಡಕ್ಕಿಂತ ಕಡಿಮೆಯಾದುದರಿಂದ ಸಾಲೇ ಬೆಳೆಯಲಾರದೆಂದು ತೋರುವುದಲ್ಲವೆ? ಗಾಡಿಗಳು ಗಡಿಯಾರದ ಮುಳ್ಳಿನಂತೆ ಸಮಾಂತರದಲ್ಲಿ ಬಂದು, ಪ್ರತಿಯೊಂದಕ್ಕೂ ಸರಿಯಾಗಿ 5 ನಿಮಿಷವೇ ಹಿಡಿದಿದ್ದರೆ ಆ ಮಾತು ನಿಜ. ಆದರೆ ಒಮ್ಮೆ ಮೂರು ಒಟ್ಟಿಗೆ ಬರುವುವು, ಒಮ್ಮೆ ಒಂದೂ ಬಾರದು. ಬಾರದಿದ್ದಾಗ ವ್ಯರ್ಥವಾದ ಕಾಲವನ್ನು ಕೂಡಿಟ್ಟು, ಮೂರು ಬಂದಾಗ ಖರ್ಚು ಮಾಡಲು ಸಾಧ್ಯವಿಲ್ಲ. ಇಡೀ ವಿಷಯದ ತಿರುಳು ಇಲ್ಲಿದೆ. ಗಂಟೆಗೆ ಸರಾಸರಿ 5 ನಿಮಿಷವಷ್ಟೇ ಬಿಡುವುಳ್ಳ ಯಂತ್ರವು, ಒಮ್ಮೆ ಬೆಳೆದ ಸಾಲನ್ನು ಕರಗಿಸಲು ಬಹಳ ಹೊತ್ತು ತೆಗೆದುಕೊಳ್ಳುವುದು.

ಇದನ್ನು ಮೊದಲು ಕ್ರಮವಾಗಿ ಲೆಕ್ಕಹಾಕಿದವನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಡೇನಿಷ್ ಗಣಿತಜ್ಞ ಎರ್ಲಾಂಗ್. ದೂರವಾಣಿ ಕರೆಗಳ ಆಗಮನವು ಪ್ವಾಸೋನನ ನಿಯಮವನ್ನು ಅನುಸರಿಸುವುದೆಂದು ಅವನು 1909ರಲ್ಲಿ ತೋರಿಸಿದನು. ಆಗಮನವೂ ಸೇವೆಯ ಅವಧಿಯೂ ಹೀಗೆ ಯಾದೃಚ್ಛಿಕವಾಗಿದ್ದು, ಸೇವೆ ನೀಡುವವನು ಒಬ್ಬನೇ ಆಗಿದ್ದರೆ ಸೂತ್ರ ಬಹು ಸರಳ. ಗಂಟೆಗೆ ಬರುವವರ ಸಂಖ್ಯೆ ಅ, ಸೇವೆ ಪಡೆಯಬಲ್ಲವರ ಸಂಖ್ಯೆ ಸ ಆದರೆ,

ಸಾಲಿನಲ್ಲಿ ಕಾಯುವ ಸರಾಸರಿ ಕಾಲ = ಅ ÷ [ಸ × (ಸ − ಅ)] ಗಂಟೆ.

ನಮ್ಮ ವೇಬ್ರಿಡ್ಜಿನಲ್ಲಿ ಗಂಟೆಗೆ 6 ಗಾಡಿ ಬಂದರೆ ಕಾಯುವ ಕಾಲ 5 ನಿಮಿಷ. ಅದು 9 ಆದರೆ 15 ನಿಮಿಷ. 10 ಆದರೆ 25. 11 ಆದರೆ 55 ನಿಮಿಷ! ಕೊನೆಯ ಒಂದೇ ಗಾಡಿ ಕಾಯುವಿಕೆಯನ್ನು ಇಮ್ಮಡಿಗೂ ಮಿಗಿಲಾಗಿಸಿತು. 12 ಬಂದರೆ ಛೇದವು ಸೊನ್ನೆಯಾಗಿ ಸಾಲಿಗೆ ಕೊನೆಯೇ ಇಲ್ಲ.

ಈ ಕಡಿದಾದ ಏರು ಪರಿಹಾರವನ್ನೂ ಸೂಚಿಸುವುದು. ಚೀಟಿ ಬರೆಯುವ ಕೆಲಸವನ್ನು ಚುರುಕುಗೊಳಿಸಿ ತೂಕದ ಅವಧಿಯನ್ನು 5ರಿಂದ 4 ನಿಮಿಷಕ್ಕೆ ಇಳಿಸಿದರೆ ಸ 15 ಆಗುವುದು. 11 ಗಾಡಿಗಳ ಕಾಯುವಿಕೆ 55ರಿಂದ 11 ನಿಮಿಷಕ್ಕೆ ಇಳಿಯುವುದು. ಉಳಿಸಿದ್ದು ಒಂದು ನಿಮಿಷ, ಪಡೆದದ್ದು ನಲವತ್ತನಾಲ್ಕು. ಬದಲಿಗೆ, ಪ್ರತಿ ತೂಕಕ್ಕೂ ಏರುಪೇರಿಲ್ಲದೆ 5 ನಿಮಿಷವೇ ಹಿಡಿಯುವಂತೆ ಮಾಡಿದರೂ ಕಾಯುವಿಕೆ ಅರ್ಧಕ್ಕೆ, ಎಂದರೆ ಇಪ್ಪತ್ತೇಳೂವರೆ ನಿಮಿಷಕ್ಕೆ ಇಳಿಯುವುದು.

ಆದರೆ ಸೂತ್ರವನ್ನು ಕಣ್ಣು ಮುಚ್ಚಿ ಬಳಸಲಾಗದು. ರೇಷ್ಮೆ ಸೀರೆಗಳ ಊರಾದ ಮೊಳಕಾಲ್ಮೂರಿಗೆ ಹೋಗೋಣ. ಅಲ್ಲಿಯ ಯಾವುದೋ ಚೀಟಿ ಕೌಂಟರಿನಲ್ಲಿ ಒಬ್ಬರಿಗೆ 2 ನಿಮಿಷ ಹಿಡಿಯುವುದೆನ್ನೋಣ. ಬರುವವರು ಗಂಟೆಗೆ 12 ಮಂದಿ. ಸೂತ್ರದ ಪ್ರಕಾರ ಕಾಯಬೇಕಾದುದು 1 ನಿಮಿಷ 20 ಸೆಕೆಂಡು ಮಾತ್ರ. ಆದರೆ ಆ ಹನ್ನೆರಡು ಮಂದಿಯೂ ಹಳ್ಳಿಯ ಒಂದೇ ಬಸ್ಸಿನಿಂದ ಒಟ್ಟಿಗೆ ಇಳಿದವರು! ಮೊದಲಿಗನು ಕಾಯಬೇಕಿಲ್ಲ, ಕೊನೆಯವನು 22 ನಿಮಿಷ ನಿಲ್ಲಬೇಕು. ಸರಾಸರಿ 11 ನಿಮಿಷ. ಮುಂದಿನ ಅರ್ಧ ಗಂಟೆಗೂ ಹೆಚ್ಚು ಕಾಲ ಗುಮಾಸ್ತನಿಗೆ ಕೆಲಸವೇ ಇಲ್ಲ. ಇಲ್ಲಿ ಇನ್ನೊಬ್ಬ ಗುಮಾಸ್ತನನ್ನು ನೇಮಿಸುವ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ನೋಡುವುದು ಮೇಲು. ಆರಾರು ಮಂದಿಯಂತೆ ಅರ್ಧ ಗಂಟೆಗೊಂದು ಬಸ್ಸಿನಲ್ಲಿ ಅವರು ಬಂದರೆ ಸರಾಸರಿ ಕಾಯುವಿಕೆ ಎಷ್ಟಾಗುವುದು? ವಾಚಕರು ಲೆಕ್ಕ ಮಾಡಿ ನೋಡಲಿ: ಉತ್ತರ 5 ನಿಮಿಷ.